ಎಂಟು, ಒಂಬತ್ತು, ಹತ್ತು: ಗೋಕಾಕ, ಮೂಡಲಗಿ, ಹುಕ್ಕೇರಿ ಹೈಸ್ಕೂಲುಗಳನ್ನ ಯಾವ ತಕ್ಕಡಿಯಾಗ ತೂಗೂದು?

ಪೋಸ್ಟ್ ಉದ್ದ ಐತಿ, ಎರಡು ಭಾನುವಾರ ಕೂತು ಬರೆದದ್ದು. ಅರ್ಧಕ್ಕೆ ಲೈಕ್ ಒತ್ತಿ ಹೋಗಬ್ಯಾಡ್ರಿ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಆಫೀಸಿನಲ್ಲಿ ಫೈಲು ಮುಂದಕ್ಕೆ ಹೋಗೋದಿಲ್ಲ. ವಲಯವಾರು ಪಟ್ಟಿ ವಾಟ್ಸಾಪಿನಲ್ಲಿ ಬಂದಿರುತ್ತದೆ, ಎಲ್ಲರ ಕೈಯಲ್ಲೂ ಅದೇ. ಗೊತ್ತಿಲ್ಲದವರಿಗೆ ಹೇಳ್ತೀನಿ: ಬೆಳಗಾವಿ ಕಂದಾಯಕ್ಕೆ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಒಂದು ಬೆಳಗಾವಿ, ಇನ್ನೊಂದು ಚಿಕ್ಕೋಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಮೂಡಲಗಿ ತಾಲೂಕಾದದ್ದು 2017-18ರಲ್ಲಿ, ಆದರೆ ಶಿಕ್ಷಣ ವಲಯ ಆಗಿದ್ದು ಅದಕ್ಕಿಂತ ಮೊದಲೇ. ಹಂಗಾಗಿ ಗೋಕಾಕದವರಿಗೂ ಮೂಡಲಗಿಯವರಿಗೂ ರಿಸಲ್ಟಿನ ಜಗಳ ಹಳೇದು, ಅಣ್ಣತಮ್ಮರು ಮನಿ ಪಾಲಾದ ಮೇಲೆ ಆಡೋ ಜಗಳದಂಥದ್ದು.

ಈ ಸಲಾನೂ ಹಂಗೇ ಆತು. ಮೂಡಲಗಿ ಕಡೆಯ ಗೆಳೆಯ ಕಾಲರ್ ಎತ್ತಿದ. ಗೋಕಾಕದವ, "ಪಟ್ಟಣದಾಗ ಪೋರಗೋಳ ಸಂಖ್ಯೆ ಎಷ್ಟೈತಿ ನೋಡು ಮದಲ" ಅಂದ. ಹುಕ್ಕೇರಿಯವ ಚಹಾ ಕುಡಕೋತ ಸುಮ್ಮ ಕೂತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳ್ರಿ ಸರ, ಮೂರರಾಗ ಯಾರ ಸಾಲಿ ಚಲೋ?" ಅಂದರು. ನಾನು ಕೇಳಿದೆ: "ಮೂರು ವರ್ಷದ ಹಿಂದ ಎಂಟನೇತ್ತಕ್ಕ ಎಷ್ಟು ಮಂದಿ ಹೆಸರು ಹಚ್ಚಿದ್ರು, ಅದರಾಗ ಎಷ್ಟು ಮಂದಿ ಈ ಪರೀಕ್ಷಾಕ್ಕ ಕೂತ್ರು?" ಪಟ್ಟಿಯಲ್ಲಿ ಆ ಕಾಲಂ ಇರಲಿಲ್ಲ. ಪರೀಕ್ಷೆಗೆ ಕೂತವರು, ಪಾಸಾದವರು, ಪರ್ಸೆಂಟೇಜ್, ಮುಗೀತು.

ನನಗ್ಯಾಕೆ ಆ ಕಾಲಂ ನೆನಪಾಯಿತು ಅಂದರೆ, ನಮ್ಮ ಅಕ್ಕನಿಂದ. ಆಕಿ 1987ರಲ್ಲಿ ಏಳನೇತ್ತ ಪಾಸಾದಳು. ಊರಿನ ಶಾಲೆ ಅಲ್ಲಿಗೇ ಮುಗೀತು. ಹೈಸ್ಕೂಲು ಇದ್ದದ್ದು ಘಟಪ್ರಭಾ ನದಿಯ ಆಚೆ, ಏಳು ಕಿಲೋಮೀಟರ್. ಅದೂ ಸರ್ಕಾರದ್ದಲ್ಲ, ಒಂದು ಸಂಸ್ಥೆಯದ್ದು. ನಮ್ಮಪ್ಪ ಒಂದೇ ಮಾತು ಕೇಳಿದ: "ಮಳಿಗಾಲದಾಗ ಹೊಳಿ ತುಂಬಿದ್ರ ಈಕೀನ ಯಾರು ದಾಟಸ್ತಾರ?" ಅಕ್ಕ ಮರುವಾರದಿಂದ ಅವ್ವನ ಜೊತೆ ಕಬ್ಬಿನ ಕಳೆ ತೆಗೆಯೋಕೆ ಹೋದಳು. ಅಕ್ಕ ಎಸ್ಸೆಸ್ಸೆಲ್ಸಿ ಫೇಲ್ ಆಗಿಲ್ಲ. ಯಾವ ಶಾಲೆಯ ರಿಸಲ್ಟನ್ನೂ ಆಕೆ ಕೆಡಿಸಿಲ್ಲ. ಯಾವ ಪಟ್ಟಿಯಲ್ಲೂ ಆಕೆ ಇಲ್ಲ.

ಈಗ ಅಕ್ಕನ ಮೊಮ್ಮಗಳು ಎಂಟನೇತ್ತಕ್ಕೆ ಬಂದಿದ್ದಾಳೆ. ಅವರವ್ವ ಕರೆದಂಗ ಆಕೀನೂ ನನಗ ಮಾಮಾ ಅಂತಾಳ. "ಮಾಮಾ, ಯಾವ ಹೈಸ್ಕೂಲ್ ಚಲೋ ಐತಿ, ನೀ ನೋಡಿ ಹೇಳು" ಅಂದಿದ್ದಾಳೆ. ಅದಕ್ಕೇ ಹುಡುಕೋಕೆ ಕೂತೆ. ಹುಡುಕ್ತಾ ಹೋದರೆ ದಾರಿ ನೂರಾ ಎಪ್ಪತ್ತು ವರ್ಷ ಹಿಂದಕ್ಕೆ ಹೋಯಿತು.

1956ರ ತನಕ ನಮ್ಮ ಬೆಳಗಾವಿ ಮುಂಬೈ ಪ್ರಾಂತದಲ್ಲಿತ್ತು. ಆದ್ದರಿಂದ ನಮ್ಮ ಶಾಲೆಗಳ ಕಥೆ ಮೈಸೂರಿನಿಂದ ಅಲ್ಲ, ಮುಂಬೈಯಿಂದ ಶುರು ಮಾಡಬೇಕು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಹುಡುಗ ಸೇರಲು ಹೋದ. ಇತಿಹಾಸ ಅವನನ್ನು ಮಹಾರ್ ಹುಡುಗ ಅಂತಷ್ಟೇ ಕರೆಯುತ್ತದೆ. ಸೇರಿಸಿಕೊಳ್ಳಲಿಲ್ಲ. ಅವನು ಮನೆಗೆ ಹೋಗಿ ಅಳ್ತಾ ಕೂಡಲಿಲ್ಲ, ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಜುಲೈನಲ್ಲಿ ತೀರ್ಮಾನ ಬಂತು. ಅದರ ಸಾರಾಂಶ ಇಷ್ಟು: ನ್ಯಾಯ ನೋಡಿದರೆ ಹುಡುಗನ ಕಡೆಗೇ ಇದೆ, ಆದರೆ ಅವನೊಬ್ಬನನ್ನು ಸೇರಿಸಿದರೆ ಉಳಿದವರು ಬಿಟ್ಟು ಹೋಗಿ ಶಾಲೆಯೇ ನಿರುಪಯೋಗ ಆದೀತು, ಆದ್ದರಿಂದ ಮಧ್ಯೆ ಬರೋದು ಸರಿಯಲ್ಲ. ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. ಇಂಥ ಟಿಪ್ಪಣಿ ನಾನೇ ಎಷ್ಟು ಟೈಪ್ ಮಾಡಿದ್ದೇನೋ! "ಕೋರಿಕೆ ನ್ಯಾಯಯುತವಾಗಿದೆ, ಆದಾಗ್ಯೂ..." ಆ ಆದಾಗ್ಯೂ ಅನ್ನೋ ಶಬ್ದದೊಳಗೆ ನಮ್ಮ ಎಷ್ಟು ಪೀಳಿಗೆ ಹೂತು ಹೋಗಿವೆ.

ವಿಷಯ ಕಲ್ಕತ್ತಾಕ್ಕೆ ಹೋಯಿತು, ಲಂಡನ್ನಿಗೂ ಹೋಯಿತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಅಂತ ಸ್ಪಷ್ಟ ಮಾಡಿದರು. ಅಂದರೆ ಕಾಗದದ ಮೇಲೆ ನಮಗೆ ಬಾಗಿಲು ತೆರೆದು ನೂರಾ ಅರವತ್ತು ವರ್ಷ ದಾಟಿತು. ಆ ಅರ್ಜಿ ಇಲ್ಲದಿದ್ದರೆ ಆ ಕಾಗದವೂ ಇರುತ್ತಿರಲಿಲ್ಲ. ಒಬ್ಬ ಹುಡುಗ, ಅದೂ ನಮ್ಮ ಧಾರವಾಡದಲ್ಲಿ.

ಬಾಗಿಲು ತೆರೆದದ್ದು ಸರ್ಕಾರಿ ಶಾಲೆಯದ್ದು. ಹಂಗಾದರೆ ಸರ್ಕಾರ ಮುಂದೆ ಏನು ಮಾಡಿತು? ಹೈಸ್ಕೂಲಿನಿಂದ ತಾನೇ ಹಿಂದಕ್ಕೆ ಸರಿಯಿತು. 1882ರ ಹಂಟರ್ ಆಯೋಗ, ಜ್ಯೋತಿಬಾ ಫುಲೆಯವರು ಸಾಕ್ಷ್ಯ ಕೊಟ್ಟದ್ದು ಇದರ ಮುಂದೆಯೇ, ಪ್ರಾಥಮಿಕ ಶಿಕ್ಷಣ ಸರ್ಕಾರದ ಹೊಣೆ, ಹೈಸ್ಕೂಲು ಶಿಕ್ಷಣವನ್ನು ಮೆಲ್ಲಗೆ ಖಾಸಗಿಯವರಿಗೆ ಬಿಡಬೇಕು, ಅವರಿಗೆ ಅನುದಾನ ಕೊಡಬೇಕು, ಜಿಲ್ಲೆಗೊಂದು ಮಾದರಿ ಸರ್ಕಾರಿ ಹೈಸ್ಕೂಲು ಇದ್ದರೆ ಸಾಕು ಅಂದಿತು. ಫುಲೆಯವರು ಏನು ಕೇಳಿದ್ದರು? ಮೇಲುವರ್ಗದ ಕಾಲೇಜಿಗೆ ಸುರಿಯೋ ದುಡ್ಡನ್ನು ರೈತರ, ಶೂದ್ರಾತಿಶೂದ್ರರ ಮಕ್ಕಳ ಶಾಲೆಗೆ ಕೊಡಿ ಅಂತ. ಸಿಕ್ಕಿದ್ದು ಅರ್ಧ. ನಡುವಿನ ಮೆಟ್ಟಿಲು ಸಂಸ್ಥೆಗಳ ಕೈಗೆ ಹೋಯಿತು.

ಜಿಲ್ಲೆಗೊಂದು ಅಂದರೆ ಅದು ಬೆಳಗಾವಿ ಪಟ್ಟಣದಲ್ಲಿ. ಗೋಕಾಕಕ್ಕೆ, ಹುಕ್ಕೇರಿಗೆ, ಸಂಕೇಶ್ವರಕ್ಕೆ ಹೈಸ್ಕೂಲು ಬೇಕಾದರೆ ಊರಿನ ದೊಡ್ಡವರು ಕೂಡಿ ಸಂಸ್ಥೆ ಕಟ್ಟಬೇಕು, ಇಲ್ಲಾ ಪುರಸಭೆ ಮನಸ್ಸು ಮಾಡಬೇಕು, ಇಲ್ಲಾ ಮಠ ಕೈ ಹಿಡೀಬೇಕು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಶುರು ಮಾಡಿದ್ದು ಇಂಥ ಕಾಲದಲ್ಲೇ. ಅವರ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳ್ತಿಲ್ಲ. ಅಂಥ ಹೈಸ್ಕೂಲಿನಲ್ಲಿ ಕಲಿತ ನಮ್ಮವರೂ ಇದ್ದಾರೆ. ಆದರೆ ಒಂದು ಕೇಳ್ತೀನಿ: ಸಂಸ್ಥೆ ಕಟ್ಟಲಿಕ್ಕೆ ಜಾಗ ಬೇಕು, ದೇಣಿಗೆ ಬೇಕು, ಆಡಳಿತ ಮಂಡಳಿ ಬೇಕು. ಹೊಲಗೇರಿಯಲ್ಲಿ, ಮಾದರ ಓಣಿಯಲ್ಲಿ, ಸಮಗಾರರ ಓಣಿಯಲ್ಲಿ ಅದು ಯಾರ ಹತ್ತಿರ ಇತ್ತು? ಸರ್ಕಾರಿ ಶಾಲೆಯ ಬಾಗಿಲಿಗೆ 1858ರ ಕಾಗದ ಇತ್ತು. ಅನುದಾನಿತ ಶಾಲೆಯ ಬಾಗಿಲಿಗೆ ಹಂಗೇನೂ ಇರಲಿಲ್ಲ. ಅಸ್ಪೃಶ್ಯರ ಮಕ್ಕಳನ್ನು ಸೇರಿಸಿಕೊಳ್ಳದ ಸಂಸ್ಥೆಗೆ ಅನುದಾನ ಕೊಡೋದಿಲ್ಲ ಅಂತ ಮುಂಬೈ ಸರ್ಕಾರ ಹೇಳಿದ್ದು 1923ರಲ್ಲಿ. ನಡುವೆ ಅರವತ್ತೈದು ವರ್ಷ.

ನಮ್ಮ ನೆರೆಯಲ್ಲೇ ಬೇರೆ ದಾರಿಯೂ ಇತ್ತು. ಮೂಡಲಗಿಯಿಂದ ಉತ್ತರಕ್ಕೆ ಹೋದರೆ ರಾಯಬಾಗ. ಅದು ಆಗ ಬ್ರಿಟಿಷರದ್ದಲ್ಲ, ಕೊಲ್ಲಾಪುರ ಸಂಸ್ಥಾನದ್ದು. ಶಾಹು ಮಹಾರಾಜರು 1902ರಲ್ಲಿ ನೌಕರಿಯಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲಿಟ್ಟರು. 1908ರಲ್ಲಿ ಕೊಲ್ಲಾಪುರದಲ್ಲಿ ಅಸ್ಪೃಶ್ಯ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಶುರುವಾಯಿತು. 1917ರಲ್ಲಿ ಉಚಿತ, ಕಡ್ಡಾಯ ಪ್ರಾಥಮಿಕ ಶಿಕ್ಷಣ. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಎಲ್ಲರೂ ಒಂದೇ ಶಾಲೆಯಲ್ಲಿ ಕೂತು ಕಲೀಬೇಕು ಅಂತ ಹುಕುಂ. ಯೋಚನೆ ಮಾಡಿ: ಗಡಿಯ ಈ ಕಡೆ ಒಂದು ಕಾಯ್ದೆ, ಆ ಕಡೆ ಇನ್ನೊಂದು. ನಮ್ಮ ಹಿರಿಯರು ಬೀಗರ ಊರಿಗೆ ಹೋಗಿ ಬರುವಾಗ ಈ ಗಡಿ ದಾಟಿ ಹೋಗಿ ಬರ್ತಿದ್ದರು. ಶಾಲೆಗಳನ್ನು ಹೋಲಿಸೋದು ವಾಟ್ಸಾಪ್ ಬಂದ ಮೇಲೆ ಶುರುವಾದದ್ದಲ್ಲ.

ಶಾಹು ಮಹಾರಾಜರು ಬೋರ್ಡಿಂಗ್‌ಗೆ ಯಾಕೆ ಅಷ್ಟು ಒತ್ತು ಕೊಟ್ಟರು ಅನ್ನೋದು ನನಗೆ ದೊಡ್ಡವನಾದ ಮೇಲೆ ಅರ್ಥ ಆಯಿತು. ಪ್ರಾಥಮಿಕ ಶಾಲೆ ಊರಲ್ಲಿ ಇರುತ್ತದೆ. ಹೈಸ್ಕೂಲು ಪಟ್ಟಣದಲ್ಲಿ. ಪಟ್ಟಣದಲ್ಲಿ ಬೇರೆ ಜಾತಿಯ ಹುಡುಗನಿಗೆ ಬೀಗರ ಮನೆ, ವಾರಾನ್ನ, ಮಠದ ಪ್ರಸಾದ ಇರುತ್ತದೆ. ನಮ್ಮ ಹುಡುಗನಿಗೆ ಬಾಡಿಗೆ ಖೋಲಿ ಕೊಡೋರೂ ಇಲ್ಲ. ಅವನಿಗೆ ಹೈಸ್ಕೂಲು ಬೇಕಾದರೆ ಮೊದಲು ಮಲಗೋಕೆ ಜಾಗ ಬೇಕು.

ಬಾಬಾಸಾಹೇಬರು ಇದನ್ನ ಅಂಕಿಯಲ್ಲೇ ತೋರಿಸಿದರು. ಅವರು 1907ರಲ್ಲಿ ಮೆಟ್ರಿಕ್ ಪಾಸಾದದ್ದು ಮುಂಬೈಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ, ಅದು ಸರ್ಕಾರಿ ಹೈಸ್ಕೂಲು, ಈ ಮಾತು ನೆನಪಿಡ್ರಿ. 1927ರ ಮಾರ್ಚ್ ತಿಂಗಳಲ್ಲಿ ಮುಂಬೈ ಶಾಸನ ಸಭೆಯಲ್ಲಿ ಶಿಕ್ಷಣದ ಬೇಡಿಕೆ ಮೇಲೆ ಮಾತಾಡುವಾಗ ಸರ್ಕಾರದ್ದೇ ವರದಿ ತೆಗೆದು ಮುಂದಿಟ್ಟರು. ಪ್ರಾಥಮಿಕ ಶಾಲೆಯಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಮುಂದುವರಿದ ಹಿಂದೂಗಳು 119, ಮುಸ್ಲಿಮರು 92, ಮಧ್ಯಮ ವರ್ಗದ ಜಾತಿಗಳು 38, ಹಿಂದುಳಿದವರು 18. ಆ ವರದಿಯ ಭಾಷೆಯಲ್ಲಿ ಹಿಂದುಳಿದವರು ಅಂದರೆ ಅಸ್ಪೃಶ್ಯರು, ಗುಡ್ಡಗಾಡಿನವರು ಮುಂತಾದ ಜನ. ಹೈಸ್ಕೂಲಿಗೆ ಬಂದರೆ ಪ್ರತಿ ಲಕ್ಷಕ್ಕೆ ಮುಂದುವರಿದವರು 3,000, ಮುಸ್ಲಿಮರು 500, ಮಧ್ಯಮದವರು 140, ನಾವು 14. ಕಾಲೇಜಿನಲ್ಲಿ ನಾವು ಸೊನ್ನೆ.

ನಾನು ಕ್ಯಾಲ್ಕುಲೇಟರ್ ಹಿಡಿದು ಕೂತೆ, ಗುಮಾಸ್ತನ ಚಟ. ಪ್ರಾಥಮಿಕವನ್ನೂ ಲಕ್ಷದ ಲೆಕ್ಕಕ್ಕೆ ತಂದರೆ ಮುಂದುವರಿದವರು 11,900, ಹೈಸ್ಕೂಲಿನಲ್ಲಿ 3,000. ನಾಲ್ವರಿಗೆ ಒಬ್ಬ. ನಮ್ಮವರು ಪ್ರಾಥಮಿಕದಲ್ಲಿ 1,800, ಹೈಸ್ಕೂಲಿನಲ್ಲಿ 14. ಸುಮಾರು 128ಕ್ಕೆ ಒಬ್ಬ. ಪ್ರಾಥಮಿಕದಲ್ಲಿ ಅವರಿಗೂ ನಮಗೂ ಆರು, ಏಳು ಪಟ್ಟು ಅಂತರ. ಹೈಸ್ಕೂಲಿನಲ್ಲಿ ಇನ್ನೂರು ಪಟ್ಟಿಗಿಂತ ಹೆಚ್ಚು. ಒಂದೇ ಸರ್ಕಾರ, ಒಂದೇ ಪ್ರಾಂತ, ನಮ್ಮ ಬೆಳಗಾವಿಯೂ ಅದರೊಳಗೆ. ನಮ್ಮ ಮಕ್ಕಳು ಎಲ್ಲಿ ಸೋರಿಹೋದರು ಅನ್ನೋದು ಈ ಎರಡು ಅಂಕಿಯ ನಡುವೆ ಐತಿ. ಬಾಬಾಸಾಹೇಬರು ಅಲ್ಲಿ ಪಾಸಾದವರ ಪರ್ಸೆಂಟೇಜ್ ಹೇಳಲಿಲ್ಲ. ಯಾರು ಶಾಲೆಯೊಳಗೆ ಇದ್ದಾರೆ ಅನ್ನೋದನ್ನ ಎಣಿಸಿದರು.

ಎಣಿಸಿ ಸುಮ್ಮನಾಗಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 1925ರ ಏಪ್ರಿಲ್‌ನಲ್ಲಿ, ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಆ ನಿಪ್ಪಾಣಿ ಇವತ್ತು ನಮ್ಮ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯದ್ದೇ ಒಂದು ವಲಯ. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಅದರ ಮುಖ್ಯ ಕೆಲಸ ನಮ್ಮ ಮಕ್ಕಳ ಹೈಸ್ಕೂಲು ಶಿಕ್ಷಣ, ಅದಕ್ಕಾಗಿ ಹಾಸ್ಟೆಲು. ಮುಂಬೈ ಸರ್ಕಾರ ವರ್ಷಕ್ಕೆ 9,000 ರೂಪಾಯಿ ಕೊಟ್ಟಿತು. ಪನ್ವೇಲ್, ಠಾಣೆ, ನಾಸಿಕ, ಪುಣೆ, ಐದನೆಯದು ನಮ್ಮ ಧಾರವಾಡ. ಆ ಹುಡುಗನನ್ನು ಬಾಗಿಲಿನಿಂದ ಕಳಿಸಿದ ಅದೇ ಊರಿನಲ್ಲಿ, ಎಪ್ಪತ್ತು ವರ್ಷ ಕಳೆದ ಮೇಲೆ, ನಮ್ಮ ಮಕ್ಕಳಿಗೆ ಹೈಸ್ಕೂಲು ಕಲಿಯೋಕೆ ಒಂದು ಸೂರು.

ಈಗ ನಮ್ಮ ಮೂರು ತಾಲೂಕಿಗೆ ಬರೋಣ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಕಂಬಾರರ ಹುಡುಗ ಗೋಕಾಕದಲ್ಲಿ ಹೈಸ್ಕೂಲು ಓದುವಾಗ ಬಡತನ ತಾಳದೆ ಶಾಲೆ ಬಿಟ್ಟಿದ್ದ. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚು ನೋಡಿಕೊಂಡರು. ಓದು ಮುಂದುವರಿಯಿತು. ಆ ಹುಡುಗನೇ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರ. ಈ ಕಥೆ ನನಗೆ ಇಷ್ಟ, ಸ್ವಾಮಿಗಳಿಗೆ ನಮಸ್ಕಾರ. ಆದರೆ ನಾನು ಓದಿದಾಗೆಲ್ಲ ಇನ್ನೊಂದು ಯೋಚನೆ ಬರುತ್ತದೆ: ಅದೇ ಘಟಪ್ರಭಾ ದಂಡೆಯ ಕೇರಿಗಳಲ್ಲಿ ಅದೇ ವರ್ಷ ಶಾಲೆ ಬಿಟ್ಟ ಹುಡುಗರು ಯಾರ ಮಠಕ್ಕೆ ಹೋಗಬೇಕಿತ್ತು? ಹೈಸ್ಕೂಲು ಒಬ್ಬರ ದೊಡ್ಡ ಮನಸ್ಸಿನ ಮೇಲೆ ನಿಂತಿದ್ದಾಗ, ಆ ಮನಸ್ಸಿನ ಕಣ್ಣಿಗೆ ಬಿದ್ದವರು ಪಾರಾದರು.

ಹುಕ್ಕೇರಿ ತಾಲೂಕಿನವರೇ ಆದ ಕಣಗಲಾದ ಬಿ. ಶಂಕರಾನಂದರು ಚಿಕ್ಕೋಡಿ ಮೀಸಲು ಕ್ಷೇತ್ರದಿಂದ 1967ರಿಂದ ಸತತ ಏಳು ಸಲ ಗೆದ್ದರು. 1980ರಲ್ಲಿ ಕೆಲವು ತಿಂಗಳು ಕೇಂದ್ರದ ಶಿಕ್ಷಣ ಮಂತ್ರಿಯೂ ಆಗಿದ್ದರು. ನಮ್ಮ ಕೇರಿಯಿಂದ ಶಿಕ್ಷಣ ಮಂತ್ರಿ! ಅದಾಗಿ ಏಳು ವರ್ಷಕ್ಕೆ ನಮ್ಮ ಅಕ್ಕ ಹೊಳಿ ದಾಟಲಾರದೆ ಶಾಲೆ ಬಿಟ್ಟಳು. ಅವರನ್ನು ದೂರಲಿಕ್ಕೆ ಹೇಳ್ತಿಲ್ಲ. ಮೇಲೆ ಒಬ್ಬರು ಕೂತರೆ ಕೆಳಗಿನ ಮೆಟ್ಟಿಲು ತಾನೇ ಹುಟ್ಟೋದಿಲ್ಲ ಅಂತ ಹೇಳ್ತಿದ್ದೀನಿ. (ಎಂಬತ್ತರ ದಶಕ ಅಂದ ಕೂಡಲೇ ಗೋಕಾಕ ಚಳವಳಿ ನೆನಪಾಗ್ತದೆ. ಅದು ನಮ್ಮ ಊರಿನ ಚಳವಳಿ ಅಲ್ರಿ, ವಿ.ಕೃ. ಗೋಕಾಕರ ವರದಿಯದ್ದು. ಅದೂ ಹೈಸ್ಕೂಲಿನದ್ದೇ ವಿಷಯ: ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದು ಅಂತ. ಒಳ್ಳೆಯದೇ. ಹೈಸ್ಕೂಲಿಗೆ ಬರಲಾರದ ಮಕ್ಕಳ ಪ್ರಥಮ ಭಾಷೆ ಯಾವುದು ಅಂತ ಯಾರೂ ಕೇಳಲಿಲ್ಲ.)

ಎಂಟು, ಒಂಬತ್ತು, ಹತ್ತು. ಈ ಮೂರು ವರ್ಷಕ್ಕೆ ಬಂದಾಗೆಲ್ಲ ಸರ್ಕಾರದ ಕೈ ಸಡಿಲ ಆಗೋದನ್ನ ನೋಡ್ರಿ. 1882ರದ್ದು ಹೇಳಿದೆ. 1944ರಲ್ಲಿ ಬಾಬಾಸಾಹೇಬರ ಒತ್ತಾಯದಿಂದ ಪರಿಶಿಷ್ಟರಿಗೆ ಕೇಂದ್ರದ ವಿದ್ಯಾರ್ಥಿವೇತನ ಬಂತು, ಅದು ಮೆಟ್ರಿಕ್ ನಂತರದ್ದು. ಅದರಿಂದ ನಮ್ಮ ಎಷ್ಟೋ ಜನ ಡಿಗ್ರಿ ಮುಗಿಸಿದರು, ನಾನೂ ಒಬ್ಬ. ಆದರೆ ಮೆಟ್ರಿಕ್ ತನಕ ಬರಬೇಕಲ್ಲ? ಪರಿಶಿಷ್ಟ ಜಾತಿಯ ಒಂಬತ್ತು, ಹತ್ತನೇತ್ತದ ಎಲ್ಲ ಬಡ ಮಕ್ಕಳಿಗೆ ಅಂತ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬಂದದ್ದು 2012ರಲ್ಲಿ. 68 ವರ್ಷ ತಡ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ತನಕ, ಎಂಟನೇತ್ತಕ್ಕೆ ಮುಗಿಯುತ್ತದೆ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗೋದೇ ಎಂಟನೇತ್ತಕ್ಕೆ. ಹುಡುಗಿ ಹೈಸ್ಕೂಲಿನ ಹೊಸ್ತಿಲು ದಾಟಿ ಒಂದು ವರ್ಷ ಆಗೋದರೊಳಗೆ ಹಕ್ಕು ಕೈಬಿಡುತ್ತದೆ. ಒಂಬತ್ತನೇತ್ತ ಬಿಟ್ಟವಳ ಮನೆಗೆ ಯಾವ ಕಾಯ್ದೆಯೂ ಬರೋದಿಲ್ಲ.

ಇದಕ್ಕೆ ಉತ್ತರವಾಗಿ ಬಂದ ಒಳ್ಳೆಯ ಕೆಲಸಗಳೂ ಇವೆ, ಅವನ್ನ ಮುಚ್ಚಿಡೋದು ಸರಿಯಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು. 2006-07ರಲ್ಲಿ ಎಂಟನೇತ್ತದ ಮಕ್ಕಳಿಗೆ ಸೈಕಲ್. ಬಿಸಿಯೂಟ ಹೈಸ್ಕೂಲಿಗೂ ಬಂದದ್ದು. 2009ರಲ್ಲಿ ಶುರುವಾದ ಆರ್‌ಎಂಎಸ್‌ಎ, ಐದು ಕಿಲೋಮೀಟರಿನೊಳಗೆ ಒಂದು ಹೈಸ್ಕೂಲು ಇರಬೇಕು ಅನ್ನೋ ಗುರಿ ಇಟ್ಟುಕೊಂಡು ಎಷ್ಟೋ ಊರಿನ ಹಿರಿಯ ಪ್ರಾಥಮಿಕ ಶಾಲೆಗಳನ್ನು ಹೈಸ್ಕೂಲು ಮಾಡಿತು. ನನ್ನ ಲೆಕ್ಕದಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಆದ ದೊಡ್ಡ ಉಪಕಾರ ಅದು. 2023ರ ಜೂನ್‌ನಿಂದ ಶಕ್ತಿ ಯೋಜನೆ, ಬಸ್ಸಿನ ಖರ್ಚು ಇಲ್ಲ. ಬಸ್ಸು ಬಂದರೆ. ಸೈಕಲ್ ಮಾತ್ರ ಕೊರೊನಾ ಬಂದ ಮೇಲೆ ನಿಂತೇ ಹೋಯಿತು.

ಈಗ ಮತ್ತೆ ಆ ವಾಟ್ಸಾಪ್ ಪಟ್ಟಿಗೆ ಬರೋಣ. ಒಂದೇ ವಲಯದೊಳಗೆ "ಸರ್ಕಾರಿ ಹೈಸ್ಕೂಲು" ಅನ್ನೋ ಹೆಸರಲ್ಲಿ ಎಷ್ಟು ನಮೂನೆ ಇವೆ ಗೊತ್ತೇನು? ಬರೀ ಸರ್ಕಾರಿ ಪ್ರೌಢಶಾಲೆ. ಪಿಯು ಕಾಲೇಜಿನ ಹೈಸ್ಕೂಲು ವಿಭಾಗ, ನಮ್ಮ ಮಂದಿ ಇವತ್ತಿಗೂ ಜೂನಿಯರ್ ಕಾಲೇಜು ಅಂತಾರೆ. ಆರ್‌ಎಂಎಸ್‌ಎ ಉನ್ನತೀಕರಿಸಿದ್ದು. 2018-19ರಿಂದ ಕರ್ನಾಟಕ ಪಬ್ಲಿಕ್ ಸ್ಕೂಲ್. ಆದರ್ಶ ವಿದ್ಯಾಲಯ. ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್ ವಸತಿ ಶಾಲೆಗಳು. ಇವುಗಳಲ್ಲಿ ಆದರ್ಶ ಮತ್ತು ವಸತಿ ಶಾಲೆಗಳು ಆರನೇತ್ತಕ್ಕೇ ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನ ಆರಿಸಿಕೊಳ್ಳುತ್ತವೆ. ಚಲೋ ಓದೋ ಮಕ್ಕಳನ್ನ ಸುತ್ತಲಿನ ಹತ್ತು ಊರಿನಿಂದ ಆರಿಸಿಕೊಂಡ ಮೇಲೆ ಅಲ್ಲಿ ನೂರಕ್ಕೆ ನೂರು ಬಂದರೆ ಅದು ಶಾಲೆಯ ಗುಣವೋ, ಜರಡಿಯ ಗುಣವೋ? ಉಳಿದ ಮಕ್ಕಳು ಊರಿನ ಹೈಸ್ಕೂಲಿಗೆ ಬರುತ್ತಾರೆ. ಬಂದವರನ್ನೆಲ್ಲ ಸೇರಿಸಿಕೊಳ್ಳೋ ಶಾಲೆ ಅದು. ಅದರ ರಿಸಲ್ಟ್ ಕಡಿಮೆ ಬಂದರೆ "ಆ ಸಾಲಿ ಸುಮಾರ ಐತಿ" ಅಂತೀವಿ. ಒಬ್ಬ ಅತಿಥಿ ಶಿಕ್ಷಕ ಗಣಿತ, ವಿಜ್ಞಾನ ಎರಡೂ ನೋಡಿಕೊಳ್ಳೋ ಶಾಲೆಯನ್ನೂ, ಎಲ್ಲ ಹುದ್ದೆ ತುಂಬಿದ ಶಾಲೆಯನ್ನೂ ಒಂದೇ ಸಾಲಿನಲ್ಲಿ ಬರೆದು ಒಂದನೇ ನಂಬರು, ನಲವತ್ತನೇ ನಂಬರು ಅಂತ ಹಚ್ಚೋದು ಯಾವ ನ್ಯಾಯ?

ವಲಯ ವಲಯಗಳದ್ದೂ ಹಂಗೇ. ಮೂಡಲಗಿ ಬಯಲು ಸೀಮೆ, ದೊಡ್ಡ ದೊಡ್ಡ ಹಳ್ಳಿ, ಘಟಪ್ರಭಾ ಎಡದಂಡೆ ಕಾಲುವೆ ಹರಿದ ಊರುಗಳು. ಕಲ್ಲೋಳಿ, ನಾಗನೂರ, ಯಾದವಾಡದಂಥ ಊರಲ್ಲಿ ಶಾಲೆಗೆ ಕೋಣೆ ಬೇಕು ಅಂದರೆ ದುಡ್ಡು ಕೂಡಿಸೋ ರೈತರು ಇದ್ದಾರೆ. ಅಲ್ಲಿಯ ಶಿಕ್ಷಕರು ದುಡಿಯುತ್ತಾರೆ, ಮೂಡಲಗಿಗೆ ಬಂದ ಹೆಸರು ಸುಮ್ಮನೆ ಬಂದದ್ದಲ್ಲ, ಇದನ್ನ ಒಪ್ಪಲೇಬೇಕು. ಗೋಕಾಕ ಪೇಟೆ ಊರು. ಫಾಲ್ಸ್‌ನ ಮಿಲ್ಲಿಗೆ 1887ರಲ್ಲೇ ನೀರಿನಿಂದ ಕರೆಂಟು ಬಂತು ಅಂತ ನಾವು ಹೆಮ್ಮೆಯಿಂದ ಹೇಳ್ಕೋತೀವಿ. ಪಟ್ಟಣದಲ್ಲಿ ಉಳ್ಳವರ ಮಕ್ಕಳು ಅನುದಾನಿತ, ಖಾಸಗಿ ಶಾಲೆಗೆ ಹೋದ ಮೇಲೆ ಸರ್ಕಾರಿ ಹೈಸ್ಕೂಲಿಗೆ ಬರೋರು ಯಾರು ಅನ್ನೋದನ್ನ ಹಾಜರಿ ಪುಸ್ತಕ ತೆಗೆದು ನೋಡ್ರಿ. ಕೂಲಿಯವರ ಮಕ್ಕಳು, ಪೌರಕಾರ್ಮಿಕರ ಮಕ್ಕಳು, ಉರ್ದು ಮಾತಾಡೋ ಮಕ್ಕಳು. ಹುಕ್ಕೇರಿಯದ್ದು ಇನ್ನೊಂದು ಥರ. ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಯಮಕನಮರಡಿ, ದಡ್ಡಿ ಕಡೆ ಗುಡ್ಡ, ನಡುವೆ ಹಿಡಕಲ್ ಡ್ಯಾಮಿನ ನೀರು. ಆ ನೀರಿನಲ್ಲಿ ಊರು ಕಳಕೊಂಡು ಬೇರೆ ಕಡೆ ಮನೆ ಕಟ್ಟಿದವರು. ಸಂಕೇಶ್ವರದ ಕಡೆ ಮರಾಠಿ, ಕನ್ನಡ ಎರಡೂ. ಗುಡ್ಡದ ಹಳ್ಳಿಯ ಹುಡುಗಿಗೆ ಮುಂಜಾನೆಯ ಒಂದು ಬಸ್ ತಪ್ಪಿದರೆ ಆ ದಿನದ ಶಾಲೆ ತಪ್ಪಿತು.

ಇನ್ನು ನವೆಂಬರ್‌ನಿಂದ ಮಾರ್ಚ್ ತನಕ ಸಕ್ಕರೆ ಕಾರ್ಖಾನೆ ಹಂಗಾಮು. ಮೂರೂ ತಾಲೂಕಿನಲ್ಲಿ ಆಗ ಕೇರಿಯ ಮನೆಗಳಿಗೆ ಬೀಗ. ಹತ್ತನೇತ್ತದ ಹುಡುಗ ಕಬ್ಬಿನ ಗ್ಯಾಂಗಿನಲ್ಲಿ, ತಂಗಿ ತಮ್ಮನನ್ನು ನೋಡಿಕೊಳ್ಳೋಕೆ ಮನೆಯಲ್ಲಿ. ಮಾರ್ಚ್ ಕೊನೆಗೆ ಪರೀಕ್ಷೆ.

ಪರ್ಸೆಂಟೇಜು ಎಷ್ಟು ನಂಬಬಹುದು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. 2017ರಲ್ಲಿ, 2018ರಲ್ಲಿ ನಮ್ಮ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಇಡೀ ರಾಜ್ಯಕ್ಕೆ ಮೂರನೇ ಸ್ಥಾನ. ಉಡುಪಿಯ ಬೆನ್ನಿಗೆ ನಾವು! ಬ್ಯಾನರ್ ಹಾಕಿದರು, ಪೇಢೆ ಹಂಚಿದರು, ನಾನೂ ತಿಂದೆ. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಇಡೀ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಧಾರಾಳವಾಗಿ ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೆ. ಚಿಕ್ಕೋಡಿ ಮೊದಲ ಹತ್ತರಲ್ಲೂ ಇರಲಿಲ್ಲ. ಆರು ವರ್ಷದಲ್ಲಿ ನಮ್ಮ ಮಕ್ಕಳ ತಲೆ ಕೆಟ್ಟಿತೇ? ಶಿಕ್ಷಕರು ಕಲಿಸೋದು ಮರೆತರೇ? ಎರಡೂ ಅಲ್ಲ. ಅಳೆಯೋ ಕೋಲು ಬದಲಾಯಿತು ಅಷ್ಟೇ. ಅಂಥ ಕೋಲು ಹಿಡಿದು ಗೋಕಾಕ ಮುಂದೋ ಮೂಡಲಗಿ ಮುಂದೋ ಅಂತ ಚಹಾ ಆರಿಸಿಕೊಳ್ಳೋದು.

ನಾನು ಓದಿದ ಹೈಸ್ಕೂಲಿನ ಮಾತು ಹೇಳ್ತೀನಿ, ಹೆಸರು ಊರು ಬೇಡ. ರಿಸಲ್ಟ್ ಚಲೋ ಇತ್ತು. ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಸರ್ ತರಗತಿಗೆ ಬಂದು, "ಸ್ಕಾಲರ್‌ಶಿಪ್ ಹುಡುಗ್ರು ಎದ್ದು ನಿಲ್ರಿ" ಅಂತಿದ್ದರು. ಅರ್ಜಿಗೆ ಸಹಿ ಹಾಕಿಸಲಿಕ್ಕೆ. ದುರುದ್ದೇಶ ಇರಲಿಲ್ಲವೇನೋ, ಅವರ ಪಾಲಿಗೆ ಅದು ಕೆಲಸ. ನಾವು ಆರು ಮಂದಿ ಏಳ್ತಿದ್ದೆವು, ಐವತ್ತು ಮಂದಿ ತಿರುಗಿ ನೋಡ್ತಿದ್ದರು. ಮೊದಲ ವರ್ಷ ಆರು ಮಂದಿ ಎದ್ದವರು ಹತ್ತನೇತ್ತಕ್ಕೆ ಬರುವಾಗ ಇಬ್ಬರಾಗಿದ್ದೆವು. ಅದೇ ಶಾಲೆಯಲ್ಲಿ ಇನ್ನೊಬ್ಬ ಸರ್ ಭಾನುವಾರ ನಮ್ಮಿಬ್ಬರನ್ನೂ ಮನೆಗೆ ಕರೆದು, ಒಳಗೆ ಕೂಡಿಸಿ, ಗಣಿತ ಹೇಳಿಕೊಟ್ಟರು. ಅವರಿಂದ ನಾನು ಪಾಸಾದೆ, ಅದರಲ್ಲಿ ಎರಡು ಮಾತಿಲ್ಲ. ಶಾಲೆಯ ಫಲಿತಾಂಶದಲ್ಲಿ ನಾವಿಬ್ಬರೂ ಪಾಸು, ಅಂದರೆ ಪರಿಶಿಷ್ಟರ ಫಲಿತಾಂಶ ಶೇಕಡಾ 100. ಆ ನಾಲ್ವರಲ್ಲಿ ಒಬ್ಬ ಈಗ ಗೌಂಡಿ ಕೆಲಸ ಮಾಡ್ತಾನೆ, ಸಿಕ್ಕಾಗ, "ನೀ ಓದಿದಿ ಬಿಡೋ" ಅಂತಾನೆ.

ಅದಕ್ಕೆ ನಾನು ಮೊಮ್ಮಗಳಿಗಾಗಿ ಮೂರು ಶಾಲೆ ನೋಡಿ ಬರುವಾಗ ರಿಸಲ್ಟ್ ಬೋರ್ಡಿನ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಾಜರಿ ಕೇಳಿದೆ. ಎಂಟನೇತ್ತಕ್ಕೆ ಬಂದ ಪರಿಶಿಷ್ಟರ ಮಕ್ಕಳು ಎಷ್ಟು, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು, ಹತ್ತಕ್ಕೆ ಉಳಿದವರು ಎಷ್ಟು. ಟಿಸಿ ತಗೊಂಡು ಹೋದವರು ಬೇರೆ ಶಾಲೆಗೆ ಸೇರಿದರೋ ಇಲ್ಲವೋ, ಈಗ ಸ್ಯಾಟ್ಸ್ ನಂಬರು ಹಾಕಿದರೆ ಅದೂ ಗೊತ್ತಾಗ್ತದೆ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರೋ ಇಲ್ಲವೋ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತೋ, ಕೀಲಿ ಯಾರ ಹತ್ತಿರ ಇರುತ್ತೆ. ಬಿಸಿಯೂಟಕ್ಕೆ ಹೆಂಗ ಕೂಡಿಸ್ತಾರ. ಎಸ್‌ಡಿಎಂಸಿಯಲ್ಲಿ ನಮ್ಮ ಓಣಿಯ ತಾಯಂದಿರು ಇದ್ದಾರೋ, ಇದ್ದರೆ ಮಾತಾಡ್ತಾರೋ ಬರೀ ಸಹಿಯೋ. ಒಂದು ಶಾಲೆಯ ಹೆಡ್‌ಮಾಸ್ತರು ಬೇಸರ ಮಾಡಿಕೊಂಡರು. ಇನ್ನೊಂದು ಶಾಲೆಯ ಹೆಡ್‌ಮೇಡಂ ಚಹಾ ತರಿಸಿ, ರಜಿಸ್ಟರ್ ತೆಗೆದು, "ಹಿಂಗ ಯಾರೂ ಕೇಳಿಲ್ರೀ" ಅಂದರು. ಅವರ ಶಾಲೆಯ ರಿಸಲ್ಟ್ ಮೂರರಲ್ಲಿ ಕಡಿಮೆ. ಆದರೆ ಎಂಟಕ್ಕೆ ಬಂದ ನಮ್ಮ ಓಣಿಯ ಹೆಣ್ಣುಮಕ್ಕಳು ಹತ್ತರಲ್ಲೂ ಇದ್ದರು. ಕಬ್ಬಿನ ಹಂಗಾಮಿನಲ್ಲಿ ಆ ಮೇಡಂ ಒಂದೊಂದು ಮನೆಗೆ ಹೋಗಿ ಮಕ್ಕಳನ್ನ ಹಾಸ್ಟೆಲಿಗೆ ಸೇರಿಸ್ತಾರಂತೆ, ಇದನ್ನ ಅವರು ಹೇಳಲಿಲ್ಲ, ಅಡುಗೆಯ ಅಕ್ಕ ಹೇಳಿದಳು.

ಹುಡುಗಿಯ ಹೆಸರು ಅಲ್ಲೇ ಹಚ್ಚಿದೆವು. ನಮ್ಮ ಅಕ್ಕನೂ ಬಂದಿದ್ದಳು. ಅರ್ಜಿಯಲ್ಲಿ ಪಾಲಕರ ಸಹಿ ಜಾಗದಲ್ಲಿ ಹೆಬ್ಬೆಟ್ಟು ಒತ್ತೋಕೆ ಇಂಕ್‌ಪ್ಯಾಡ್ ಮುಂದಿಟ್ಟರು. ಅಕ್ಕ, "ನಾ ಏಳನೇತ್ತ ಪಾಸ್ ಅದೀನ್ರಿ" ಅಂತ ಪೆನ್ನು ಇಸ್ಕೊಂಡು ಸಹಿ ಮಾಡಿದಳು.

ಇನ್ನು ಮೂರು ವಲಯದ್ದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಬಿಇಒ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ. ನಮ್ಮ ರಾಜ್ಯದ ನಿಯಮದಲ್ಲಿ 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು, 10 ರೂಪಾಯಿ ಪೋಸ್ಟಲ್ ಆರ್ಡರ್. ಅದಕ್ಕೆ ಒಂದೇ ಪ್ರಶ್ನೆಗೆ ಇಳಿಸಿದ್ದೇನೆ: ಸರ್ಕಾರಿ ಹೈಸ್ಕೂಲುವಾರು, ಮೂರು ವರ್ಷದ ಹಿಂದೆ ಎಂಟನೇತ್ತಕ್ಕೆ ದಾಖಲಾದ ಪರಿಶಿಷ್ಟ ಜಾತಿ, ಪಂಗಡದ ಬಾಲಕರು ಎಷ್ಟು, ಬಾಲಕಿಯರು ಎಷ್ಟು, ಅವರಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿಗೆ ನೋಂದಾಯಿಸಿದವರು ಎಷ್ಟು. ಉತ್ತರ ಕೊಡಲು 30 ದಿನ. ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಗೆಳೆಯರು ಇದೇ ನಮೂನೆಯಲ್ಲಿ ಹಾಕೋದಾದರೆ ಮೆಸೇಜ್ ಮಾಡ್ರಿ, ಟೈಪ್ ಮಾಡಿದ ಪ್ರತಿ ಕಳಸ್ತೀನಿ. ಬಂದ ಉತ್ತರ ಬಂದ ಹಾಗೇ ಇಲ್ಲಿ ಹಾಕ್ತೀನಿ, ಮೂಡಲಗಿ ಮುಂದಿದ್ದರೆ ಮೂಡಲಗಿ ಮುಂದು ಅಂತಲೇ.

ಜೈ ಭೀಮ್.